ಎಡಗಡೆಯ ಉಸಿರು

೨೦೨೪ರ ಜೂನ್ ೧೨, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಗುರುರಾಜರು ಬೆರಳಿನ ಹಿಂಬದಿಯನ್ನು ಮಗಳ ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚಿದ್ದರು. ಮೃಣಾಲ ಬ್ಯಾಗು ಹೆಗಲಿಗೇರಿಸಿಕೊಂಡು ಹೊಸ್ತಿಲ ಬಳಿ ನಿಂತಿದ್ದಳು.

"ಚಂದ್ರಸ್ವರ," ಎಂದರು ಕಣ್ಣು ತೆರೆದು. "ಎಡ ಹೊಳ್ಳಿ ನಡದದ. ನಾಕು ಮಂದಿ ಜೋಡಿ ಪೈಪೋಟಿ ಮಾಡೋ ಕೆಲಸಕ್ಕ ಸೂರ್ಯಸ್ವರ ಬೇಕು. ಒಂದು ತಾಸು ಕೂಡು. ಬಲಕ್ಕ ಬಂದಮ್ಯಾಲೆ ನಾನೇ ಸ್ಕೂಟರ್ ಮ್ಯಾಲೆ ಬಿಡ್ತೀನಿ."

"ಅಪ್ಪಾ, ಹತ್ತೂವರಿಗೆ ಇಂಟರ್‌ವ್ಯೂ ಅದ."

"ಅದಕ್ಕ ಹೇಳ್ಲಿಕ್ಕತ್ತೀನಿ."

ಸಿದ್ಧೇಶ್ವರ ಗುಡಿಯ ಹಿಂದಿನ ಆ ಮನೆಯಲ್ಲಿ ಸ್ವರ, ಎಂದರೆ ಯಾವ ಹೊಳ್ಳೆಯಲ್ಲಿ ಉಸಿರು ನಡೆದಿದೆ ಎಂಬುದನ್ನು, ಗುರುರಾಜರಿಗೆ ತೋರಿಸದೆ ಯಾರೂ ಹೊರಗೆ ಹೋಗುತ್ತಿರಲಿಲ್ಲ. ಹೋದ ವರ್ಷ ಬಬಲೇಶ್ವರದ ಕಾಲೇಜಿನಿಂದ ಜೀವಶಾಸ್ತ್ರದ ಪಾಠ ಹೇಳಲು ಕರೆ ಬಂದಾಗಲೂ ಮೃಣಾಲ ಬಲ ಹೊಳ್ಳೆಗಾಗಿ ಕಾದು ಕುಳಿತಿದ್ದಳು. ಬಸ್ಸಿಳಿದು ಹೋಗುವಷ್ಟರಲ್ಲಿ ಸಂದರ್ಶಕರು ಎದ್ದು ಹೋಗಿದ್ದರು. "ಸ್ವರ ಬರೋಬ್ಬರಿ ಇತ್ತು, ಬಸ್ ತಡಾ ಆತು," ಎಂದಿದ್ದರು ಅಪ್ಪ. ಈಗ ತೊರವಿಯ ಹೊರಗಿನ ಕಾಲೇಜು. ಇದೂ ತಪ್ಪಿದರೆ ಈ ವರ್ಷಕ್ಕೆ ಮತ್ತೆಲ್ಲೂ ಜಾಗವಿರಲಿಲ್ಲ.

ತಾಯಿ ಆನಂದೀಬಾಯಿ ಅವಳನ್ನು ಅಡುಗೆಮನೆಗೆ ಎಳೆದೊಯ್ದು ಪಿಸುಗುಟ್ಟಿದರು. "ಹುಚ್ಚಿ, ಎಡಮಗ್ಗಲಾಗಿ ಮಲಕೋ. ಹತ್ತು ನಿಮಿಷದಾಗ ಬಲ ತೆರೀತದ. ತಿಕೋಟಾಕ್ಕ ತವರಿಗೆ ಹೋಗೂಮುಂದ ನಾ ಯಾವಾಗ್ಲೂ ಹಂಗ ಮಾಡೀನಿ."

"ಅದಕ್ಕೇನು ನೀ ಹೊರಗ ಹೊಂಟಾಗೆಲ್ಲಾ ತಲಿಶೂಲಿ ಅಂತ ಮಲಗತಿದ್ದಿ?"

"ಮತ್ತೇನ್ ಮಾಡ್ಲಿ? ಅವರಿಗೂ ಸಮಾಧಾನ, ನನಗೂ ತವರು."

ಮೃಣಾಲಳಿಗೆ ನಗು ಬಂತು. ಬೆನ್ನಿಗೇ ಸಿಟ್ಟೂ ಬಂತು. ಮಗ್ಗುಲಾಗಿ ಮಲಗಿದರೆ ಕೆಳಗಿನ ಹೊಳ್ಳೆ ಕಟ್ಟಿ ಮೇಲಿನದು ತೆರೆಯುತ್ತದೆ; ಅಮ್ಮನ ಉಪಾಯದಲ್ಲಿ ತಪ್ಪಿರಲಿಲ್ಲ. ಹತ್ತು ನಿಮಿಷ ವೇಳೆಯೂ ಇತ್ತು. ಆದರೆ ಹೊಸ್ತಿಲು ದಾಟಲು ಇನ್ನೆಷ್ಟು ವರ್ಷ ಹೀಗೆ ಮಲಗಿ ಏಳುವುದು?

"ನಾ ಮಲಗೂದಿಲ್ಲಮ್ಮಾ," ಎಂದು ಹೊರಗೆ ಬಂದಳು. "ಅಪ್ಪಾ, ಇನ್ನೂ ಎಡಾನೇ ನಡದದ. ಹಂಗೇ ಹೊಂಟೀನಿ."

"ನಾ ಸ್ಕೂಟರ್ ತಗಿಯೂದಿಲ್ಲ ನೋಡು."

"ಓಣಿ ತುದಿಗೆ ಆಟೋ ಅವ."

"ನೌಕರಿ ಸಿಗಲಿಲ್ಲಂದ್ರ?"

"ನನಗ ಪಾಠ ಹೇಳ್ಲಿಕ್ಕೆ ಬರಲಿಲ್ಲ ಅಂತ ತಿಳ್ಕೋತೀನಿ. ಮೂಗಿನ ಮ್ಯಾಲೆ ಹಾಕೂದಿಲ್ಲ."

ಗುರುರಾಜರ ದನಿ ಸ್ವಲ್ಪ ಇಳಿಯಿತು. "ಎಡಗಾಲಾದ್ರೂ ಮುಂದಿಟ್ಟು ಹೋಗವಾ. ಯಾವ ಸ್ವರ ನಡದಿರ್ತದೋ ಆ ಕಾಲು."

ಮೃಣಾಲ ಬೇಕೆಂದೇ ಬಲಗಾಲು ಹೊರಗಿಟ್ಟಳು.

ಕಾಲೇಜಿನಲ್ಲಿ ಮೂವರು ಸಂದರ್ಶಕರು ಕುಳಿತಿದ್ದರು. ಹತ್ತು ನಿಮಿಷ ಯಾವುದಾದರೂ ಪಾಠ ಮಾಡಿ ತೋರಿಸಲು ಹೇಳಿದರು. ಹೃದಯದ ಪಾಠವನ್ನು ಸಿದ್ಧಮಾಡಿಕೊಂಡು ಬಂದವಳು ಅದನ್ನು ಬಿಟ್ಟು, ಕ್ಯಾಂಟೀನಿನ ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇರಿಸಿ ತಣ್ಣಗಾದ ಒಂದು ಸ್ಟೀಲ್ ತಾಟು ತರಿಸಿದಳು.

"ಮೂಗಿನ ಎರಡೂ ಹೊಳ್ಳೆಗಳಲ್ಲಿ ಗಾಳಿ ಒಂದೇ ಸಮ ಹರಿಯುವುದಿಲ್ಲ. ಒಳಗಿನ ಮೆತ್ತನೆಯ ಮಡಿಕೆಗಳು ಒಂದು ಕಡೆ ರಕ್ತ ತುಂಬಿ ಉಬ್ಬುತ್ತವೆ, ಇನ್ನೊಂದು ಕಡೆ ಇಳಿಯುತ್ತವೆ. ಕೆಲವು ತಾಸುಗಳಲ್ಲಿ ಪಾಳಿ ಬದಲಾಗುತ್ತದೆ. ಒಂದು ದುಡಿಯುವಾಗ ಇನ್ನೊಂದು ದಣಿವಾರಿಸಿಕೊಳ್ಳುತ್ತದೆ, ಅಷ್ಟೇ. ಗಾಳಿ ಹೆಚ್ಚು ಬರುವ ಕಡೆ ಈ ತಾಟಿನ ಮೇಲೆ ಆವಿ ಅಗಲವಾಗಿ ಕೂರುತ್ತದೆ; ಅಳೆದೇ ತೋರಿಸುತ್ತೇನೆ."

"ಯಾರ ಮೂಗು ಅಳೀತೀರಿ ಮೇಡಮ್?" ತುದಿಯಲ್ಲಿದ್ದವರು ಕೇಳಿದರು. "ನಮ್ಮ ಪ್ರಿನ್ಸಿಪಾಲರದು ಭಾಳ ಉದ್ದ ಅದ ನೋಡ್ರಿ."

"ನಂದೇ ಅಳೀತೀನ್ರಿ," ಎಂದಳು ಮೃಣಾಲ.

ತಣ್ಣನೆಯ ತಾಟನ್ನು ಮೂಗಿನ ಕೆಳಗೆ ಹಿಡಿದು ನಿಧಾನವಾಗಿ ಉಸಿರು ಬಿಟ್ಟಳು. ಎರಡು ಕಡೆ ಆವಿ ಕೂತಿತು. ಅದು ಆರುವ ಮೊದಲೇ ಅಳತೆಪಟ್ಟಿ ಇಟ್ಟು ಅಳೆದು, ಹಲಗೆಯ ಮೇಲೆ ದೊಡ್ಡದಾಗಿ ಬರೆದಳು: ಬಲ ಎರಡು ಸೆಂಟಿಮೀಟರ್, ಎಡ ನಾಲ್ಕೂವರೆ.