ಹೊರಗಿಡುವುದು

ಜೋಗುಳ ತೆರೆಯಲಿಲ್ಲ. ಜಯತೀರ್ಥ ಮತ್ತೆ ಕ್ಲಿಕ್ ಮಾಡಿದ. ಪರದೆ ಕಪ್ಪಾಯಿತು, ಕಂಪ್ಯೂಟರ್ ತಾನಾಗಿಯೇ ಆರಿ, ತಾನಾಗಿಯೇ ಹೊತ್ತಿಕೊಂಡಿತು. ದೆವ್ವ ಹೊಕ್ಕಿದೆ ಎಂದು ಅವ್ವ ಅನ್ನುತ್ತಿದ್ದಳು, ಮಾತು ಇದ್ದಿದ್ದರೆ.

ಸಂಜೆ ಕಮಲಾಪುರದಲ್ಲಿ ತಂಗಿ ಇಂದೂಬಾಯಿಯ ಮಗಳ ಮಗುವಿಗೆ ಹೆಸರಿಡುವುದಿತ್ತು. ಅವರಲ್ಲಿ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಮನೆಯ ಹಿರಿಯ ಹೆಂಗಸೇ ಜೋಗುಳ ಹಾಡಬೇಕು. ಹಿರಿಯಳೆಂದರೆ ಅವ್ವ, ಪಾರ್ವತೀಬಾಯಿ. ಲಕ್ವಾ ಹೊಡೆದ ಮೇಲೆ ಅವಳ ಬಾಯಿಂದ ಒಂದಕ್ಷರ ಬಂದಿರಲಿಲ್ಲ. ಹಿಂದೊಮ್ಮೆ ಕ್ಯಾಸೆಟ್ಟಿನಲ್ಲಿ ಹಾಡಿಸಿದ್ದನ್ನು ಕಂಪ್ಯೂಟರಿಗೆ ಇಳಿಸಿ, ಮನೆಯವರ ಫೋಟೋ ಜೋಡಿಸಿ, ಒತ್ತಿದರೆ ಹಾಡುವ ಪ್ರೋಗ್ರಾಂ ಮಾಡಿಕೊಟ್ಟವನು ಸೇಡಂ ರಸ್ತೆಯ ಕಂಪ್ಯೂಟರ್ ಅಂಗಡಿಯ ಅಲ್ಲಾವುದ್ದೀನ್. ಕ್ಯಾಸೆಟ್ ಆಮೇಲೆ ಟೇಪ್ ರೆಕಾರ್ಡರಿನಲ್ಲಿ ಸಿಕ್ಕು ಹರಿದುಹೋಯಿತು. ಸಿಡಿಗೆ ಹಾಕಿ ತರುತ್ತೇನೆ, ಅವ್ವನೇ ಹಾಡುತ್ತಾಳೆ ಎಂದು ಜಯತೀರ್ಥ ತಂಗಿಗೆ ಮಾತು ಕೊಟ್ಟಿದ್ದ.

ವೈರಸ್ಸೇ ಇರಬೇಕು ಎಂದುಕೊಂಡು ಸೇಡಂ ರಸ್ತೆಗೆ ಹೋದ. ಅಲ್ಲಾವುದ್ದೀನ್ ಎರಡು ಆಂಟಿವೈರಸ್ ಸಿಡಿಗಳನ್ನು ಮೇಜಿನ ಮೇಲಿಟ್ಟ. ಯಾವುದು ಚಲೋದು ಎಂದರೆ ನಕ್ಕ.

"ಇದು ಶಕ್ ಬಂದದ್ದನ್ನ ಹೊರಗ ಕೂಡಸ್ತದ್ರಿ ಸರ್, ಬ್ಯಾರೆ ಖೋಲ್ಯಾಗ ಇಟ್ಟಂಗ. ಅದು ಸೀದಾ ಅಳಿಸಿ ಸಾಫ್ ಮಾಡ್ತದ. ನಿಮ್ಮ ಮರ್ಜಿ."

ಹೊರಗೆ ಕೂಡಿಸುವುದು. ಜಯತೀರ್ಥನ ಮೈ ಉರಿಯಿತು. ಕಮಲಾಪುರದ ಮನೆಯ ಹಿತ್ತಲಲ್ಲಿ ಪ್ರತಿ ತಿಂಗಳೂ ಅವ್ವ ಕೂಡುತ್ತಿದ್ದ ಕಟ್ಟೆ. ದೂರದಿಂದಲೇ ಸರಿಸುತ್ತಿದ್ದ ತಾಟು. ಚಿಕ್ಕವನಿದ್ದಾಗ ಒಮ್ಮೆ ಓಡಿಹೋಗಿ ಅವಳನ್ನು ಅಪ್ಪಿಕೊಂಡಿದ್ದ. ಅಜ್ಜಿ ಅವನ ತಲೆಯ ಮೇಲೆ ತಣ್ಣೀರು ಸುರಿದಿದ್ದಳು. ಅವ್ವ ಮುಖ ತಿರುಗಿಸಿಕೊಂಡಿದ್ದಳು. ದೊಡ್ಡವನಾದ ಮೇಲೆ ಜನಿವಾರ ತೆಗೆದ, ಮಡಿ ಮೈಲಿಗೆಯ ವಿರುದ್ಧ ಕಾಲೇಜಿನಲ್ಲಿ ಭಾಷಣ ಮಾಡಿದ, ಊಟದ ಪಂಕ್ತಿಯಿಂದ ಎದ್ದುಬಂದ. ಇಡುವುದಾದರೆ ಒಳಗಿಡಬೇಕು, ಇಲ್ಲವಾದರೆ ಇಡಲೇಬಾರದು.

ಎರಡನೆಯದನ್ನು ಕೊಂಡ. ಸಾಫ್ಟ್‌ವೇರ್ ಆರಿಸಲಿಕ್ಕೂ ಸಿದ್ಧಾಂತ ಬೇಕಾಯಿತಲ್ಲ ಎಂದು ತನ್ನ ಮೇಲೆಯೇ ನಗು ಬಂತು. ಆದರೂ ಹಾಯೆನಿಸಿತು.

ಮನೆಯಲ್ಲಿ ಆಂಟಿವೈರಸ್ ಹುಡುಕತೊಡಗಿತು. ಕೆಂಪು ಸಾಲುಗಳು ಏರುತ್ತ ಹೋದವು. ದುರಸ್ತಿಯಾಗದ ಫೈಲುಗಳಿವೆ, ಎಲ್ಲವನ್ನೂ ಅಳಿಸಲೇ ಎಂದು ಕೊನೆಗೆ ಕೇಳಿತು. ಸಾಲುಗಳನ್ನು ಅವನು ಓದಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು. ಹೌದು ಎಂಬುದನ್ನು ಒತ್ತಿದ.

ಕಂಪ್ಯೂಟರ್ ಈಗ ಸರಾಗವಾಗಿ ಓಡಿತು. ಜೋಗುಳ ಇರಲಿಲ್ಲ.

ಫೋನಿನಲ್ಲಿ ಅಲ್ಲಾವುದ್ದೀನ್ ತನ್ನ ಹತ್ತಿರ ಇನ್ನೊಂದು ಪ್ರತಿ ಇಲ್ಲ ಎಂದ.

"ಹೊರಗ ಕೂಡಸಿದ್ರ ಮುಂದ ಯಾವಾಗರ ಒಳಗ ತರಬಹುದಿತ್ರಿ ಸರ್."

ಬಸ್ಸು ಕಪನೂರ ದಾಟುವಾಗ ಜಯತೀರ್ಥ ನೆಪ ಹುಡುಕುತ್ತಿದ್ದ. ನೆಪಗಳು ಅವನಿಗೆ ಹೊಸವಲ್ಲ. ಅವ್ವನನ್ನು ಇಂದೂ ಹತ್ತಿರ ಬಿಟ್ಟು ಬಂದಾಗಲೂ, ನಮ್ಮದು ಮೇಲಿನ ಮಹಡಿ, ಮೆಟ್ಟಿಲು ಬಹಳ ಎಂದಿದ್ದ. ಎಲ್ಲರೂ ಹೌದೆಂದಿದ್ದರು. ಮೆಟ್ಟಿಲು ನಿಜವಾಗಿಯೂ ಬಹಳ ಇದ್ದವು.

ಅದೇ ಹಳೆಯ ಮನೆ, ಈಗ ಇಂದೂ ಇರುವುದು. ಪಡಸಾಲೆಯ ತುಂಬ ಹೆಂಗಸರು. ತೊಟ್ಟಿಲಿನ ಪಕ್ಕದ ಕುರ್ಚಿಯಲ್ಲಿ ಅವ್ವನಿಗೆ ಹೊಸ ಸೀರೆ ಉಡಿಸಿ ಕೂಡಿಸಿದ್ದರು. ಇವತ್ತು ನೀನೇ ಹಾಡುತ್ತೀ ಎಂದು ಇಂದೂ ಮುಂಜಾನೆಯಿಂದ ಹೇಳುತ್ತಿದ್ದಳಂತೆ. ಅವ್ವ ಅವನ ಖಾಲಿ ಕೈ ನೋಡಿದಳು.

"ತಂದ್ಯಾ?" ಇಂದೂ ಕೇಳಿದಳು.

"ಕರೆಂಟ್ ಇರಲಿಲ್ಲ."

ಪಕ್ಕದ ಮನೆಯ ನೀಲಗಂಗಮ್ಮ ಯಾವುದೋ ಜೋಗುಳ ಹಾಡಿದಳು. ಕೂಸಿಗೆ ಹೆಸರಿಟ್ಟರು. ಅದು ಅಳತೊಡಗಿತು, ಹಾಲೂಡಿಸಲು ತಾಯಿ ಒಳಗೆ ಎತ್ತಿಕೊಂಡು ಹೋದಳು. ಹೆಂಗಸರ ಕೈಗೆ ಕೆಂಪು ಬಾಳೆಹಣ್ಣು, ಎಲೆ ಅಡಿಕೆ ಬರತೊಡಗಿದವು.

ಆಗ ಅವ್ವ, ಸ್ವಾಧೀನವಿದ್ದ ಎಡಗೈಯಿಂದ ತೊಟ್ಟಿಲಿನ ಹಗ್ಗ ಹಿಡಿದು ತೂಗತೊಡಗಿದಳು. ತುಟಿಗಳು ಅಲುಗುತ್ತಿದ್ದವು. ಅವ್ವ ಹಾಡುತ್ತಿದ್ದಾಳೆ ಎಂದು ಜಯತೀರ್ಥನಿಗೆ ತಿಳಿಯಿತು. ಯಾವ ಸಾಲು? ಬಾಯಿಗೆ ತಂದುಕೊಳ್ಳಲು ನೋಡಿದ. ಆ ಜೋಗುಳದ ಒಂದು ಶಬ್ದವೂ ಅವನಿಗೆ ನೆನಪಿರಲಿಲ್ಲ. ಅವನು ಮಲಗಿದ್ದು ಇದೇ ತೊಟ್ಟಿಲಲ್ಲಿ.

ಹೆಂಗಸರ ಮಾತು ನಿಂತಿತು. ಖಾಲಿ ತೊಟ್ಟಿಲು ತೂಗುವುದು ಕೂಸಿಗೆ ಆಗಿಬರುವುದಿಲ್ಲ. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಜಯಣ್ಣಾ, ಅವ್ವನ ಕೈ ಬಿಡಸು," ಇಂದೂ ಕಿವಿಯ ಹತ್ತಿರ ಬಂದು ಹೇಳಿದಳು. "ಸ್ವಲ್ಪೊತ್ತು ಹೊರಗ ಕೂಡಸು."

ಅವನು ಬಗ್ಗಿ ಅವ್ವನ ಬೆರಳುಗಳನ್ನು ಹಗ್ಗದಿಂದ ಒಂದೊಂದಾಗಿ ಬಿಡಿಸಿದ. ಬಿಗಿಯಾಗಿದ್ದವು. ಕುರ್ಚಿ ಸಮೇತ ಎತ್ತಿ ಹಿತ್ತಲಿಗೆ ಒಯ್ದು, ಆ ಕಟ್ಟೆಯ ಪಕ್ಕದಲ್ಲಿ ಇಳಿಸಿದ. ಈ ಸಲ ಅವ್ವ ಮುಖ ತಿರುಗಿಸಿಕೊಳ್ಳಲಿಲ್ಲ. ಅವನನ್ನೇ ನೋಡುತ್ತ ತುಟಿ ಅಲುಗಿಸುತ್ತಲೇ ಇದ್ದಳು.

ಒಳಗೆ ಯಾರೂ ಮುಟ್ಟದಿದ್ದರೂ ತೊಟ್ಟಿಲು ಇನ್ನೂ ತೂಗುತ್ತಿತ್ತು.