ಇದ್ದಿಲ ಮೇಲಿನ ಕೆಂಪು

ನಮ್ಮ ಹೆಡ್‌ಮಾಸ್ಟರ್ ಶಂಭುಲಿಂಗಪ್ಪನವರಿಗೆ ಬಾಹ್ಯಾಕಾಶ ದಿನವೂ ಒಂದೇ, ಬೀಳ್ಕೊಡುಗೆ ಸಮಾರಂಭವೂ ಒಂದೇ. ಶಾಮಿಯಾನ, ಪೇಟ, ಶಾಲು, ಹಣ್ಣಿನ ಬುಟ್ಟಿ, ತಾಂಬೂಲದ ತಟ್ಟೆ. ಹರವೆ ಕಡೆಯ ಈ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಆ ಪೇಟ ಕಂಡರೇ ಮೈ ಉರಿಯುತ್ತದೆ.

ಈ ಸಲದ ಬಾಹ್ಯಾಕಾಶ ದಿನಕ್ಕೆ ಅದನ್ನೆಲ್ಲ ಸಹಿಸಿಕೊಂಡದ್ದು ಒಂಬತ್ತನೇ ಕ್ಲಾಸಿನ ಕುಮಾರಿಗಾಗಿ. ಅವಳ ತಾಯಿ ರಾಚಮ್ಮ ಗುಂಡ್ಲುಪೇಟೆ ಕಡೆ ಚೆಂಡುಹೂ ಕೀಳುವ ಕೂಲಿಗೆ ಹೋಗುತ್ತಾರೆ. ಒಂದು ಭಾನುವಾರ ತಾಯಿಯ ಜೊತೆ ಹೊರಟು, ಬೆಳಗಿನ ಜಾವ ಆಟೋ ಕಾಯುತ್ತ ನಿಂತಾಗ ಈ ಹುಡುಗಿ ಮೂಡಲಲ್ಲಿ ಒಂದು ಮಬ್ಬು ಚುಕ್ಕಿ ನೋಡಿದ್ದಳು. ಅದು ನಕ್ಷತ್ರಗಳು ಹುಟ್ಟುವ ನೀಹಾರಿಕೆ ಎಂದು ಹೇಳಿ, ದೂರದರ್ಶಕದಲ್ಲಿ ತೆಗೆದ ಫೋಟೋ ತೋರಿಸಿದೆ. ಅವತ್ತಿನಿಂದ ಅವಳಿಗೆ ಅದೇ ಗುಂಗು. ಅದನ್ನು ರಂಗೋಲಿಯಲ್ಲಿ ಬಿಟ್ಟು, ಊರವರ ಮುಂದೆ ತಾನೇ ವಿವರಿಸಬೇಕೆಂಬ ಆಸೆ. ಹೆಡ್‌ಮಾಸ್ಟರ್ ಕೊನೆಯಲ್ಲಿ ಅವಕಾಶ ಕೊಡುವುದಾಗಿ ಒಪ್ಪಿದ್ದರು.

ವೇದಿಕೆಯ ಪಕ್ಕದ ನೆಲಕ್ಕೆ ಇದ್ದಿಲ ಪುಡಿ ಹರಡಿ ಅವಳು ಕತ್ತಲು ಮಾಡಿದಳು. ಅದರ ಮೇಲೆ ಕುಂಕುಮ, ಅರಿಸಿನ, ಚೆಂಡುಹೂವಿನ ಎಸಳು. ನಡುವೆ ಚಿಟಿಕೆ ಚಿಟಿಕೆ ಬಿಳಿ ಪುಡಿ, ಹೊಸ ನಕ್ಷತ್ರಗಳು. ಎಷ್ಟು ಚೆನ್ನಾಗಿತ್ತೆಂದರೆ ಸ್ವಲ್ಪ ಹೊತ್ತು ನಾನು ಯಾರನ್ನೂ ಮನಸ್ಸಿನಲ್ಲೂ ಬೈಯಲಿಲ್ಲ.

ಮುಖ್ಯ ಅತಿಥಿ ಶಾಂತರಾಜು, ನಮ್ಮ ಕಡೆಯ ಮುಖಂಡರು, ಬಂದರು. ಪೇಟ ಆಯಿತು, ಶಾಲು ಆಯಿತು. ನೌಕೆ ಚಂದ್ರನ ಮೇಲೆ ಇಳಿದದ್ದನ್ನು ತಮ್ಮ ಮನೆಯ ಗೃಹಪ್ರವೇಶದಂತೆ ಬಣ್ಣಿಸಿದರು. ಅಲ್ಲಿಂದ ಊರ ರಸ್ತೆಗೆ, ರಸ್ತೆಯಿಂದ ತಮ್ಮ ತಂದೆಯವರ ತ್ಯಾಗಕ್ಕೆ ಬಂದರು. ಮಾತು ಮುಗಿಸಿ ಕೂತು ತಟ್ಟೆಯ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಉಳಿದವರ ಭಾಷಣ ನಡೆಯುತ್ತಿದ್ದಾಗ ಕುರ್ಚಿಯಿಂದ ಬಗ್ಗಿ, ಪಕ್ಕದ ಕಪ್ಪು ನೆಲಕ್ಕೆ ಪಿಚಕ್ಕನೆ ಉಗುಳಿದರು. ಇದ್ದಿಲು ಕಂಡು ತಿಪ್ಪೆ ಎಂದುಕೊಂಡಿರಬೇಕು. ಕೆಂಪು ಎಂಜಲು ನೀಹಾರಿಕೆಯ ಅಂಚಿಗೆ ಹರಡಿ, ಹೂವಿನ ಎಸಳ ಮೇಲೆ ನೊರೆ ನಿಂತಿತು. ಹೆಡ್‌ಮಾಸ್ಟರೂ ನೋಡಿದರು. ನೋಡಿ ಮುಖ ತಿರುಗಿಸಿದರು. ಎಂಜಲಿಗಿಂತ ಹೇಸಿಗೆಯಾದದ್ದು ಅದು.

ಕುಮಾರಿಯ ಸರದಿ ಬರಲೇ ಇಲ್ಲ. ಸಾಹೇಬರಿಗೆ ಸಂತೆಮರಹಳ್ಳಿಯಲ್ಲಿ ಇನ್ನೊಂದು ಕಾರ್ಯಕ್ರಮವಿದೆಯೆಂದು ವಂದನಾರ್ಪಣೆ ಮುಗಿಸಿಬಿಟ್ಟರು. ಅವಳು ಅಳಲಿಲ್ಲ. ರಂಗೋಲಿಯ ಪಕ್ಕವೇ ನಿಂತಿದ್ದಳು.

ವೇದಿಕೆ ಇಳಿದ ಸಾಹೇಬರು ಎಲೆ ಅಡಿಕೆಯನ್ನು ಇನ್ನೂ ಜಗಿಯುತ್ತಲೇ ಇದ್ದರು. ಮೊಬೈಲ್ ಹಿಡಿದವರನ್ನು ಕಂಡದ್ದೇ ಅವಳ ಪಕ್ಕ ನಿಂತು, ರಂಗೋಲಿ ಬಲು ಸೊಗಸಾಗಿದೆ ಎಂದು ಹೊಗಳಿದರು. ಆಮೇಲೆ ಬೆರಳು ಚಾಚಿ, "ಅದ್ರಲ್ಲೂ ಆ ಕೆಂಪು ನೋಡು, ಒಳ್ಳೆ ನಿಜ್ವಾದಂಗೇ ಅದೆ. ಏನಮ್ಮಿ ಅದು?" ಎಂದು ಕೇಳಿದರು.

ಸಾಹೇಬರೇ ಕೇಳಿದ ಮೇಲೆ ಹೆಡ್‌ಮಾಸ್ಟರ್ ತಡ ಮಾಡುವುದುಂಟೆ? ಓಡಿ ಬಂದು ಅವಳ ಬಾಯಿಗೆ ಮೈಕ್ ಹಿಡಿದರು.

"ಅದು ನಾನ್ ಬುಟ್ಟಿದ್ದಲ್ಲ ಸಾರ್, ನೀವು ಉಗ್ದಿದ್ದು," ಅಂದಳು ಕುಮಾರಿ. "ನಾನ್ ಬುಟ್ಟಿರೋ ಕೆಂಪು ಈ ಕಡೆ ಅದೆ. ಇದು ಗ್ಯಾಸು. ಇದ್ರೊಳ್ಗೇ ನಕ್ಷತ್ರ ಉಟ್ಟೋದು."

ಹೆಡ್‌ಮಾಸ್ಟರ್ ಮೈಕ್ ಹಿಂದಕ್ಕೆ ಎಳೆದುಕೊಳ್ಳಹೋದರು. ಕುಮಾರಿ ಮೈಕನ್ನು ಇಸಿದುಕೊಂಡು, ಮೂಡಲ ಚುಕ್ಕಿಯಿಂದ ಶುರುಮಾಡಿ, ಕಲಿತದ್ದನ್ನೆಲ್ಲ ನಿಧಾನವಾಗಿ ಹೇಳಿದಳು. ಮೊಬೈಲುಗಳೆಲ್ಲ ಅವರಿಬ್ಬರ ಕಡೆಗೇ ಇದ್ದವು, ಆದ್ದರಿಂದ ಸಾಹೇಬರು ಕದಲುವಂತಿರಲಿಲ್ಲ, ಉಗುಳುವಂತಂತೂ ಇರಲೇ ಇಲ್ಲ. ಅವಳು ಮುಗಿಸುವಷ್ಟರಲ್ಲಿ ನುಂಗಿದ್ದರು.