ಬಣವೆಗೆ ಹಾಕಿದ ಉಪ್ಪು

ನಾನು ಸುಳ್ಳು ಹೇಳಿದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಯಿ ಮುಚ್ಚಿಕೊಂಡು ನಿಂತಿದ್ದೆ, ಅಷ್ಟೆ. ಎಂಟು ದಿನ. ಆ ಎಂಟು ದಿನದಲ್ಲಿ ನನ್ನ ಐವತ್ತು ವರ್ಷದ ಗೆಳೆಯನ ಮಾನ ಹೋಯಿತು. ಸುಳ್ಳು ಹೇಳಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲವೇನೋ.

ನಾನು ದೊಡ್ಡಉಳ್ಳಾರ್ತಿಯ ಬೋರಣ್ಣ. ಕುರಿ ಕಾಯ್ದೇ ಮುದುಕನಾದವನು. ಈಗಲೂ ನಲವತ್ತು ಕುರಿ, ಒಂದು ಜೊತೆ ಎತ್ತು, ಎರಡು ಹಸು ಇವೆ. ನಮ್ಮದು ತಗಡಿನ ಮನೆ. ಬೇಸಿಗೆಯಲ್ಲಿ ಅದರೊಳಗೆ ಕೂರುವುದೂ ಒಂದೇ, ರೊಟ್ಟಿ ಹಂಚಿನ ಮೇಲೆ ಕೂರುವುದೂ ಒಂದೇ. ಹೋದ ವರ್ಷ ನನ್ನ ಹೆಂಡತಿ ತಿಪ್ಪೇರುದ್ರಮ್ಮ ಮಟಮಟ ಮಧ್ಯಾಹ್ನ ಒಲೆಯ ಮುಂದೆ ತಲೆ ಸುತ್ತಿ ಬಿದ್ದಳು. ಅವತ್ತೇ ಮಗಳು ಚಿತ್ರಾ ಹಟ ಹಿಡಿದಳು, ಅವ್ವನಿಗೆ ಹುಲ್ಲಿನ ಗೋಡೆಯ ಮನೆ ಕಟ್ಟಿಕೊಡುತ್ತೇನೆ ಅಂತ.

ಮಣ್ಣು, ಹುಲ್ಲು, ಸುಣ್ಣದಲ್ಲಿ ಮನೆ ಕಟ್ಟುವುದನ್ನು ಅವಳು ಎರಡು ವರ್ಷ ಹೊರಗಿದ್ದು ಕಲಿತು ಬಂದವಳು. ಭತ್ತದ ಹುಲ್ಲನ್ನು ಮಿಷನ್ನಿನಲ್ಲಿ ಒತ್ತಿ ಕಟ್ಟಿದ ಪೆಂಡಿಗಳನ್ನು ಇಟ್ಟಿಗೆಯ ಹಾಗೆ ಒಂದರ ಮೇಲೊಂದು ಜೋಡಿಸಬೇಕಂತೆ. ಎರಡೂ ಕಡೆ ಮಣ್ಣಿನ ಗಿಲಾವು ಬಳಿದರೆ ಒಂದೂವರೆ ಅಡಿ ದಪ್ಪದ ಗೋಡೆಯಂತೆ, ಬಿಸಿಲು ಒಳಗೆ ಹೆಜ್ಜೆಯಿಡಲ್ಲವಂತೆ. ಊರು ನಕ್ಕಿತು. ಕಟ್ಟೆಯ ಮೇಲೆ ಕೂತಿದ್ದ ಹುಲಿಯಪ್ಪ, ನಿಮ್ಮ ಮನೆಗೆ ಬರುವಾಗ ಹಸು ಹೊಡೆದುಕೊಂಡೇ ಬರುತ್ತೇನೆ, ಅದರ ಊಟವೂ ಅಲ್ಲೇ ಆಗಲಿ ಅಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಸಂಕ್ರಾಂತಿ ಕಳೆದ ಮೇಲೆ ರಾಂಪುರದ ಕಡೆಯಿಂದ ಲಾರಿ ತುಂಬ ಪೆಂಡಿ ಬಂದವು. ಗೋಡೆ ಏಳುವುದು ಯುಗಾದಿ ಆದ ಮೇಲೆ. ಅಲ್ಲಿಯವರೆಗೆ ಪೆಂಡಿಗಳನ್ನು ಬಣವೆ ಒಟ್ಟಿ, ಟಾರ್ಪಾಲು ಹೊದಿಸಿ ಕಾಯುವ ಕೆಲಸ ನನ್ನದು. ಚಿತ್ರಾ ಒಂದಲ್ಲ, ಮೂರು ಸಲ ಹೇಳಿದಳು.

"ಅಪ್ಪ, ಇದು ಮೇವಲ್ಲ, ಗೋಡೆ. ನೀರು ಸೋಕಿಸ್ಬೇಡ, ಉಪ್ಪು ಹಾಕ್ಬೇಡ."

ಹ್ಞೂಂ ಅಂದೆ. ಅವಳು ಬಾಗಿಲು ಕಿಟಕಿ ನೋಡಲು ಚಳ್ಳಕೆರೆಗೆ ಹೋದ ದಿನ ಬಣವೆ ಒಟ್ಟಿದೆ, ಸಾಲು ಸಾಲಿಗೂ ಕೈತುಂಬ ಕಲ್ಲುಪ್ಪು ಎರಚಿದೆ. ಉಪ್ಪು ಬಿದ್ದ ಹುಲ್ಲಿಗೆ ಬೂಷ್ಟು ಹಿಡಿಯಲ್ಲ, ದನಗಳು ಚಪ್ಪರಿಸಿ ತಿನ್ನುತ್ತವೆ. ನಮ್ಮಪ್ಪ ಹಾಗೇ ಮಾಡುತ್ತಿದ್ದ, ನಾನೂ ಹಾಗೇ ಮಾಡುತ್ತಾ ಬಂದೆ. ಕೈಯ ಅಭ್ಯಾಸ, ಏನು ಮಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಟಾರ್ಪಾಲಿನ ಸಂದಿಯಲ್ಲಿ ಇಳಿದ ಆ ಚಳಿಗಾಲದ ಇಬ್ಬನಿಗೆ ಹರಳು ಕರಗಿ ಹುಲ್ಲಿನೊಳಗೆ ಇಳಿಯಿತು, ಬೇಸಿಗೆಗೆ ಎಲ್ಲ ಒಣಗಿ ಗರಿಗರಿಯಾಯಿತು.

ಮೊದಲು ಕಲ್ಲಿನ ಬುನಾದಿ, ಆಮೇಲೆ ಕಂಬ, ಕಂಬದ ಮೇಲೆ ಹೆಂಚಿನ ಚಾವಣಿ. ಗೋಡೆ ಕೊನೆಗೆ. ಚಿತ್ರಾ ಒಂದೊಂದು ಪೆಂಡಿಗೂ ಕಬ್ಬಿಣದ ಸರಳು ಚುಚ್ಚಿ, ಅದನ್ನು ಹೊರಗೆಳೆದು ಕೆನ್ನೆಗೆ ಮುಟ್ಟಿಸಿ ನೋಡುತ್ತಿದ್ದಳು. ತಣ್ಣಗಿದ್ದರೆ ಒಳಗೆ ಪಸೆ ಇದೆ ಅಂತ ಅರ್ಥ. ಒಂದೂ ತಣ್ಣಗಿರಲಿಲ್ಲ.

ಗಿಲಾವಿಗೆ ಬಂದವನು ಮಾರಣ್ಣ. ನನ್ನ ಓರಗೆಯವನು, ಒಂದೇ ಹಳ್ಳದಲ್ಲಿ ಈಜು ಕಲಿತವರು ನಾವು. ಮಣ್ಣಿನ ಕೆಲಸದಲ್ಲಿ ಅವನ ಕೈ ದೊಡ್ಡದು. ಊರಿಗೆ ಸಿಮೆಂಟು ಬಂದ ಮೇಲೆ ಆ ಕೈಯನ್ನು ಕೇಳುವವರಿಲ್ಲದೆ ಇಪ್ಪತ್ತು ವರ್ಷ ಕಂಡವರ ಹೊಲಕ್ಕೆ ಕೂಲಿ ಹೋದ. ಚಿತ್ರಾ ಕರೆದಾಗ ಅಟ್ಟದ ಮೇಲಿದ್ದ ಗಿಲಾವಿನ ಕರಣೆ ಇಳಿಸಿ, ಒಂದು ದಿನವೆಲ್ಲ ಕೂತು ತುಕ್ಕು ಉಜ್ಜಿದ. ಮಣ್ಣು, ಮರಳು, ಕತ್ತರಿಸಿದ ಹುಲ್ಲು, ಸಗಣಿ ಕಲಸಿ, ಮೂರು ದಿನ ಕೊಳೆಯಲು ಬಿಟ್ಟು, ತುಳಿದು ತುಳಿದು ಬಳಿದ. ದೇವಸಮುದ್ರದ ರಶ್ಮಿತಾ ಟೀಚರ್ ನೋಡಲು ಬಂದವರು ಗೋಡೆ ಸವರಿ, ತಮ್ಮ ಮನೆಯನ್ನೂ ಚಿತ್ರಾ ಹೀಗೇ ಕಟ್ಟಲಿ, ಗಿಲಾವು ಇವರದೇ ಆಗಲಿ ಎಂದರು. ಅವತ್ತು ಮಾರಣ್ಣ ಮದುಮಗನ ಹಾಗೆ ತಲೆ ತಗ್ಗಿಸಿ ನಿಂತಿದ್ದ.

ಮುಂಗಾರಿನ ಮೋಡ ಕಟ್ಟಿತು. ಒಂದು ಹನಿ ಬೀಳಲಿಲ್ಲ, ಆದರೂ ಗೋಡೆ ಬೆವರಿತು. ಮೋಡವಿದ್ದ ದಿನ ಅಲ್ಲಲ್ಲಿ ಕಪ್ಪಗೆ ಒದ್ದೆ. ಬಿಸಿಲು ಬಂದರೆ ಒದ್ದೆಯಿದ್ದ ಕಡೆಯೆಲ್ಲ ಬಿಳಿ ಪುಡಿ, ಮುಟ್ಟಿದರೆ ಗಿಲಾವು ಚಕ್ಕೆ ಚಕ್ಕೆ ಉದುರುತ್ತಿತ್ತು. ಒಂದು ಬೆಳಿಗ್ಗೆ ನನ್ನ ಕರೀ ಕುರಿ ಆ ಗೋಡೆಯನ್ನು ನೆಕ್ಕುತ್ತಾ ನಿಂತಿತ್ತು, ಕಿವಿ ಹಿಡಿದೆಳೆದರೂ ಬರಲೊಲ್ಲದು. ನಾನು ಬೆರಳಿಗೆ ಪುಡಿ ತಗುಲಿಸಿ ನಾಲಿಗೆಗೆ ಇಟ್ಟುಕೊಂಡೆ. ನಾನೇ ಬಣವೆಗೆ ಎರಚಿದ್ದ ಕಲ್ಲುಪ್ಪು.

ಅವತ್ತೇ ಭಾನುವಾರ, ಅವತ್ತೇ ಟೀಚರ್ ಬರಬೇಕೇ! ಚಿತ್ರಾ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಳು. ಮಾರಣ್ಣ ಮಣ್ಣು ಹೊಡೆಸಿದ್ದು ಕೆರೆಯ ಕೆಳಗಿನಿಂದ, ಅಲ್ಲಿ ಒಂದು ಮೂಲೆಯಲ್ಲಿ ಸೌಳು ನೆಲ ಇರುವುದು ಎಲ್ಲರಿಗೂ ಗೊತ್ತು. ಸೌಳು ಮಣ್ಣೂ ಹೀಗೇ ಬಿಳಿ ಪುಡಿ ಕಾರುತ್ತದೆ. ಅವಳು ಟೀಚರ್ ಎದುರಿಗೇ ಅಂದುಬಿಟ್ಟಳು.

"ಮಾವ, ಸೌಳು ಮಣ್ಣು ತಂದು ಬಳಿದೀಯ. ನಿನ್ನ ಕೈ ನಂಬಿದ್ದೆ ನಾನು."

ಮಾರಣ್ಣ ಗೋಡೆಯ ಪುಡಿಯನ್ನು ಬೆರಳಿನಲ್ಲಿ ತೆಗೆದು ನಾಲಿಗೆಗೆ ಇಟ್ಟ. ಆಮೇಲೆ ನನ್ನನ್ನು ನೋಡಿದ. ಒಂದೇ ಸಲ. ನಾನು ಕುರಿಯ ಕಡೆ ತಿರುಗಿಕೊಂಡೆ. ಅವನು ಕರಣೆ ತೊಳೆದು, ಟವೆಲಿನಲ್ಲಿ ಸುತ್ತಿಕೊಂಡು, ಯಾರಿಗೂ ಏನೂ ಹೇಳದೆ ನಡೆದುಬಿಟ್ಟ. ಗಿಲಾವಿಗೆ ಬೇರೆ ಯಾರನ್ನಾದರೂ ನೋಡೋಣ ಎಂದು ಟೀಚರ್ ಮೆಲ್ಲಗೆ ಹೇಳಿದ್ದು ಅವನ ಕಿವಿಗೂ ಬಿದ್ದಿರಬೇಕು.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ದಿನ ದೂಡಿದೆ. ಸೌಳು ಮಾರಣ್ಣ ಎಂದು ಊರಲ್ಲಿ ಹೆಸರೇ ಬಿತ್ತು. ಹಾಗೆ ಕರೆದವನ ಕಪಾಳಕ್ಕೆ ಬಿಡಬೇಕು ಅನಿಸುತ್ತಿತ್ತು, ಕಪಾಳ ಯಾರದು ಎಂದು ಯೋಚಿಸಿದರೆ ನನ್ನದೇ. ಏಳನೆಯ ದಿನ ತಿಪ್ಪೇರುದ್ರಮ್ಮ ಮುದ್ದೆ ಬಡಿಸುತ್ತಾ ಕೇಳಿದಳು.

"ಉಪ್ಪಿನ ಚೀಲ ಎಲ್ಲಿ ಹೋತು ಅಂತ ಸಂಕ್ರಾಂತಿ ಆದ ಮ್ಯಾಲೆ ಕೇಳಿದ್ದೆ. ನೆನಪೈತಾ?"

ನಾನು ಮುದ್ದೆ ಮುರಿದು ಸಾರಿಗೆ ಅದ್ದಿದೆ. ಅವತ್ತಿನ ಸಾರಿಗೆ ಅವಳು ಉಪ್ಪೇ ಹಾಕಿರಲಿಲ್ಲ. ಕೇಳುವ ಮುಖ ನನಗಿರಲಿಲ್ಲ, ಹಾಗೇ ಉಂಡು ಎದ್ದೆ.

ಎದ್ದವನು ಸೀದಾ ಮಾರಣ್ಣನ ಮನೆಗೆ ಹೋದೆ. ಅವನು ಶೇಂಗಾ ಹೊಲಕ್ಕೆ ಗೊಬ್ಬರ ಚೆಲ್ಲಿ ಬಂದು ಜಗಲಿಯ ಮೇಲೆ ಕಾಲು ನೀವಿಕೊಳ್ಳುತ್ತಿದ್ದ. ಕೂರು ಅನ್ನಲಿಲ್ಲ. ನಾನು ನಿಂತೇ ಹೇಳಿದೆ, ಉಪ್ಪು ಹಾಕಿದ್ದು ನಾನು ಅಂತ.

"ಗೊತ್ತು ಬಿಡಲೇ," ಅಂದ. "ಸೌಳು ನಾಲಿಗೆ ಮ್ಯಾಲೆ ಸೋಪಿನಂಗೆ ಜಾರ್ತೈತೆ. ಅದು ಊಟದ ಉಪ್ಪು. ಬಣವೆ ಯಾರು ಒಟ್ಟಿದ್ದು ಅಂತ ನಂಗೊತ್ತಿಲ್ವಾ?"

ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ.

"ಮಗಳ ಮುಂದೆ ಅಪ್ಪನ ಮರ್ಯಾದೆ ನಾನ್ಯಾಕೆ ತೆಗೀಲಿ? ನೀನೇ ಹೇಳ್ತೀಯ ಅಂತ ದಿನಾ ಕಾದೆ ಕಣಲೇ. ಈಗ ನನ್ನ ಹತ್ರ ಹೇಳಿದ್ರೆ ಏನ್ ಬಂತು? ನನ್ನ ಮಾನ ಎಲ್ಲಿ ಹೋತೋ ಅಲ್ಲಿ ಹೇಳು."

ಅಳು ಬಂತು. ಮುದುಕ ಅತ್ತರೆ ನೋಡಲು ಚೆನ್ನಾಗಿರುವುದಿಲ್ಲ, ಅದಕ್ಕೇ ಬೇಗ ಹೊರಟು ಬಂದೆ.

ಮರುದಿನ ಭಾನುವಾರ. ಟೀಚರ್ ತಮ್ಮ ಮನೆಯ ಬುನಾದಿಯ ಮಾತಿಗೆ ಬಂದಿದ್ದರು. ಮಾರಣ್ಣನನ್ನೂ ಕರೆಸಿದೆ, ಅವನು ಬೇಲಿಯ ಆಚೆಯೇ ನಿಂತ. ಎಲ್ಲರೆದುರು ಹೇಳಿದೆ: ಮಣ್ಣು ಒಳ್ಳೆಯದು, ಕೈ ಒಳ್ಳೆಯದು, ಹುಲ್ಲಿಗೆ ಉಪ್ಪು ಹಾಕಿ ಕೆಡಿಸಿದವನು ನಾನು. ಚಿತ್ರಾ ಗಿಲಾವು ಕೆರೆದು, ಒಳಗಿನ ಹುಲ್ಲು ಎಳೆದು ಬಾಯಿಗಿಟ್ಟುಕೊಂಡಳು. ಅವಳ ಮುಖ ಕೆಂಪಾಯಿತು.

"ಬೇಡ ಅಂತ ಮೂರು ಸಲ ಹೇಳಿದ್ದೆ. ಯಾಕೆ ಹಾಕ್ದೆ?"

ಅಭ್ಯಾಸ ಎಂದು ಹೇಳಿ ಮುಗಿಸಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಬೇಲಿಯ ಆಚೆ ಮಾರಣ್ಣ ನನ್ನನ್ನೇ ನೋಡುತ್ತಿದ್ದ.

"ನೀನು ಕಟ್ಟಲ್ಲ ಅಂದ್ಕೊಂಡಿದ್ದೆ ಕಣವ್ವ," ಅಂದೆ. "ಮನೆ ಆಗೋ ಮಾತಲ್ಲ, ಬ್ಯಾಸಿಗೆಗೆ ದನಕ್ಕಾದ್ರೂ ಆಗ್ಲಿ ಅಂತ ಹಾಕ್ದೆ."

ಉಪ್ಪಿಗೆ ಬಂದಿದ್ದ ಸಿಟ್ಟು ಈ ಮಾತು ಕೇಳಿದ್ದೇ ಅವಳ ಮುಖದಿಂದ ಇಳಿದುಹೋಯಿತು. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಒಂದು ಗಳಿಗೆ ನೋಡಿ, ಬೇಲಿ ದಾಟಿ ಹೋಗಿ ಮಾರಣ್ಣನ ಕಾಲು ಮುಟ್ಟಿದಳು. ಟೀಚರ್ ಕೂಡ ಕೈ ಮುಗಿದರು. ಮಾರಣ್ಣ ಅವಳ ತಲೆ ಸವರಿದ. ನನ್ನ ಕಡೆ ತಿರುಗಲಿಲ್ಲ, ಇವತ್ತಿಗೂ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತು.

ಗೋಡೆ ಕಿತ್ತರು. ಕಂಬ, ಚಾವಣಿ ಉಳಿದವು. ಪೆಂಡಿಗಳನ್ನು ಬಿಚ್ಚಿ ದನದ ಗೊಂತಿಗೆ ಹಾಕುವ ಕೆಲಸ ನನಗೇ ಬಂತು. ಎತ್ತು, ಹಸು ಎಷ್ಟು ಚಪ್ಪರಿಸಿ ತಿಂದವು ಅಂದರೆ ಒಂದು ಕಡ್ಡಿ ಬಿಡಲಿಲ್ಲ. ಉಪ್ಪು ಎರಚುವಾಗ ನಾನು ಅಂದುಕೊಂಡಿದ್ದ ಹಾಗೇ ಆಯಿತು.

ಮೊನ್ನೆ, ಕಾರ್ತಿಕ ಕಳೆದ ಮೇಲೆ, ಹೊಸ ಪೆಂಡಿಯ ಲಾರಿ ಬಂತು. ಚಿತ್ರಾ ಮೇಲಿನಿಂದ ಇಳಿಸುತ್ತಿದ್ದಳು, ಮಾರಣ್ಣ ಕೆಳಗೆ ಹಿಡಿಯುತ್ತಿದ್ದ. ತಿಪ್ಪೇರುದ್ರಮ್ಮ ಕೂಡ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ನಾನೂ ತಲೆಗೆ ಟವೆಲು ಸುತ್ತಿಕೊಂಡು ಹೋಗಿ ಕೈ ಚಾಚಿದೆ.

"ನೀನು ಬೇಡಪ್ಪ," ಅಂದಳು ಚಿತ್ರಾ. "ಕುರಿ ಹೊಡಕೊಂಡು ಹೋಗು."

ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಕುರಿ ಬಿಚ್ಚಿಕೊಂಡು, ಅವು ಮೇಯುವ ಕಾವಲಿನ ಕಡೆ ಹೋದೆ.